ನೀರು, ಬಂಡೆ, ಬೋಟು: ಕಣ ಆಧಾರಿತ ದ್ರವ ಸಿಮ್ಯುಲೇಶನ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸುರತ್ಕಲ್ ಮತ್ತು ಮಣಿಪಾಲದ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ನೀರಿನ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅನುಕರಿಸುವ (ಸಿಮ್ಯುಲೇಶನ್) ಪ್ರಾಜೆಕ್ಟಿನ ಸಮಯದಲ್ಲಿ ನನ್ನ ಬಳಿಗೆ ತರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಪ್ರತಿ ವರ್ಷವೂ ಮರಳಿ ಬರುತ್ತವೆ. ಅವನ್ನು ಉತ್ತರಗಳೊಡನೆ ಇಲ್ಲಿ ಬರೆದಿಟ್ಟಿದ್ದೇನೆ. ಎರಡು ಉದಾಹರಣೆಗಳು ಉದ್ದಕ್ಕೂ ಕಾಣಿಸಿಕೊಳ್ಳುತ್ತವೆ. ಒಂದು, ಕಡಲ್ಕೊರೆತ ತಡೆಯಲೆಂದು ಉಳ್ಳಾಲದಂತಹ ಕಡೆಗಳಲ್ಲಿ ದಡದುದ್ದಕ್ಕೂ ರಾಶಿ ಹಾಕಿರುವ ಬಂಡೆಗಳು. ಇನ್ನೊಂದು, ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಮಲ್ಪೆ ಬಂದರಿನಲ್ಲಿ ಒಂದಕ್ಕೊಂದು ತಾಗಿಸಿ ಕಟ್ಟಿಹಾಕಿರುವ ಯಾಂತ್ರೀಕೃತ ಬೋಟುಗಳು. ಎರಡರಲ್ಲೂ ನೀರು ಘನವಸ್ತುವನ್ನು ದೂಡುತ್ತದೆ, ಘನವಸ್ತು ನೀರನ್ನು ಹಿಂದಕ್ಕೆ ದೂಡುತ್ತದೆ, ಘನವಸ್ತುಗಳು ತಮ್ಮತಮ್ಮಲ್ಲೇ ಡಿಕ್ಕಿ ಹೊಡೆಯುತ್ತವೆ. ಈ ಮೂರೂ ಒಂದೇ ಗಳಿಗೆಯಲ್ಲಿ ನಡೆಯುವುದರಿಂದಲೇ ಲೆಕ್ಕ ಕಷ್ಟವಾಗುತ್ತದೆ.

ಸಿಮ್ಯುಲೇಶನ್‌ನಲ್ಲಿ ಹೇಳುವ ‘ಕಣ’ ಎಂದರೆ ನೀರಿನ ಅಣುವೇ?

ಅಲ್ಲ. ಒಂದು ಗ್ರಾಂ ನೀರಿನಲ್ಲಿಯೇ ಮೂರರ ಮುಂದೆ ಇಪ್ಪತ್ತೆರಡು ಸೊನ್ನೆ ಹಾಕಿದಷ್ಟು ಅಣುಗಳಿವೆ, ಅವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಲು ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ. ಇಲ್ಲಿ ಕಣವೆಂದರೆ ಒಂದಿಷ್ಟು ನೀರಿನ ಪ್ರತಿನಿಧಿ. ಕಣಗಳ ನಡುವಿನ ಅಂತರ ಒಂದು ಸೆಂಟಿಮೀಟರ್ ಎಂದಿಟ್ಟರೆ ಒಂದೊಂದು ಕಣವೂ ಒಂದೊಂದು ಗ್ರಾಂ ನೀರನ್ನು ಹೊತ್ತಿರುತ್ತದೆ. ಅದರ ದ್ರವ್ಯರಾಶಿ ಬದಲಾಗುವುದಿಲ್ಲ. ಸ್ಥಾನ, ವೇಗ, ಸಾಂದ್ರತೆ ಮತ್ತು ಒತ್ತಡ ಹೆಜ್ಜೆ ಹೆಜ್ಜೆಗೂ ಬದಲಾಗುತ್ತವೆ.

ಪರ್ಯಾಯದ ದಿನ ಉಡುಪಿಯ ರಥಬೀದಿಯಲ್ಲಿ ನಿಂತವನಿಗೆ ಜನಸಂದಣಿ ಎಷ್ಟಿದೆಯೆಂದು ತಿಳಿಯಲು ಊರಿನ ಜನರನ್ನೆಲ್ಲ ಎಣಿಸಬೇಕಾಗಿಲ್ಲ. ಮೈಗೆ ತಾಗುತ್ತಿರುವವರು ಹೆಚ್ಚು, ನಾಲ್ಕು ಮಾರು ದೂರದವರು ಕಡಿಮೆ, ಅದರಾಚೆಯವರು ಲೆಕ್ಕಕ್ಕೇ ಇಲ್ಲ ಎಂಬ ಅಂದಾಜು ಸಾಕು. ಕಣವೂ ತನ್ನ ಸಾಂದ್ರತೆಯನ್ನು ಹೀಗೆಯೇ ತಿಳಿಯುತ್ತದೆ. ದೂರ ಹೆಚ್ಚಾದಂತೆ ತೂಕವನ್ನು ಕಡಿಮೆ ಮಾಡುವ ಗಣಿತದ ಸೂತ್ರಕ್ಕೆ ಕರ್ನೆಲ್ ಎನ್ನುತ್ತಾರೆ. ಮೂರು ಆಯಾಮದ ಲೆಕ್ಕದಲ್ಲಿ ಒಂದು ಕಣಕ್ಕೆ ಸಾಮಾನ್ಯವಾಗಿ 50ರಿಂದ 80 ನೆರೆಕಣಗಳಿರುತ್ತವೆ. ಸಂದಣಿ ಹೆಚ್ಚಿದ ಕಡೆಯಿಂದ ಕಡಿಮೆ ಇರುವ ಕಡೆಗೆ ತಳ್ಳುವ ಬಲವೇ ಒತ್ತಡದ ಬಲ.

ಈ ವಿಧಾನಕ್ಕೆ ಸ್ಮೂದ್ಡ್ ಪಾರ್ಟಿಕಲ್ ಹೈಡ್ರೋಡೈನಮಿಕ್ಸ್, ಸಂಕ್ಷಿಪ್ತವಾಗಿ ಎಸ್‌ಪಿಎಚ್, ಎಂದು ಹೆಸರು. 1977ರಲ್ಲಿ ಲೂಸಿ ಅವರು ಒಂದು ಕಡೆ, ಗಿಂಗೋಲ್ಡ್ ಮತ್ತು ಮೊನಾಘನ್ ಅವರು ಇನ್ನೊಂದು ಕಡೆ, ಪರಸ್ಪರ ಸ್ವತಂತ್ರವಾಗಿ ಇದನ್ನು ರೂಪಿಸಿದರು. ಅವರ ಗಮನವಿದ್ದದ್ದು ನಕ್ಷತ್ರಗಳ ಮೇಲೆ. ತೆರೆದ ಮೇಲ್ಮೈಯುಳ್ಳ ನೀರಿನ ಹರಿವಿಗೆ ಮೊನಾಘನ್ ಇದನ್ನು ಒಗ್ಗಿಸಿದ್ದು 1994ರಲ್ಲಿ.

ಜಾಗವನ್ನು ಚಿಕ್ಕ ಚಿಕ್ಕ ಕೋಶಗಳಾಗಿ ವಿಂಗಡಿಸಿ ಲೆಕ್ಕ ಹಾಕುವ ಜಾಲರಿಯ ಪದ್ಧತಿಗಳು ಹಳೆಯವು, ನಂಬಿಕಸ್ಥವಾದವು. ಹಾಗಿರುವಾಗ ಕಣಗಳೇಕೆ?

ಪೈಪಿನೊಳಗಿನ ಹರಿವಿಗೆ ಅಥವಾ ಗಾಳಿಯಲ್ಲಿ ನಿಂತ ಕಟ್ಟಡದ ಸುತ್ತಲಿನ ಹರಿವಿಗೆ ಜಾಲರಿಯೇ ಮೇಲು. ಅಲ್ಲಿ ಕಣಗಳನ್ನು ಬಳಸಿ ಹೊತ್ತು ಕಳೆಯಬೇಡಿ ಎಂದೇ ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆದರೆ ತೆರೆ ಮುರಿದು, ಬಂಡೆಗಳ ಸಂದುಗಳೊಳಗೆ ನುಗ್ಗಿ, ನೊರೆಯಾಗಿ ಮೇಲೆ ಚಿಮ್ಮಿ, ಅಷ್ಟರಲ್ಲಿ ಬಂಡೆಯೊಂದು ಹೊರಳಿ ಪಕ್ಕದ್ದಕ್ಕೆ ಬಡಿಯುವ ಸಂದರ್ಭದಲ್ಲಿ ಜಾಲರಿಯನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಹೆಣೆಯಬೇಕಾಗುತ್ತದೆ, ಇಲ್ಲವೇ ನೀರು ಎಲ್ಲಿ ಮುಗಿದು ಗಾಳಿ ಎಲ್ಲಿ ಆರಂಭವಾಯಿತು ಎಂಬುದನ್ನು ಬೇರೆಯೇ ಸಮೀಕರಣದಿಂದ ಹಿಂಬಾಲಿಸಬೇಕಾಗುತ್ತದೆ. ಕಣಗಳ ಲೆಕ್ಕದಲ್ಲಿ ಆ ತೊಡಕಿಲ್ಲ: ಕಣ ಇರುವ ಕಡೆ ನೀರಿದೆ, ಇಲ್ಲದ ಕಡೆ ಇಲ್ಲ.

ನೀರು ಕುಗ್ಗುವುದಿಲ್ಲವೆಂದು ಶಾಲೆಯಲ್ಲಿ ಕಲಿತಿದ್ದೇವೆ. ಈ ಲೆಕ್ಕದಲ್ಲಿ ನೀರು ಕುಗ್ಗುತ್ತದೆಯಲ್ಲ?

ನಿಜವಾದ ನೀರೂ ಅತ್ಯಲ್ಪವಾಗಿ ಕುಗ್ಗುತ್ತದೆ. ಅದರೊಳಗೆ ಶಬ್ದ ಚಲಿಸುವುದೂ ಅದರಿಂದಲೇ, ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ. ಸಿಮ್ಯುಲೇಶನ್‌ನ ಕಾಲಹೆಜ್ಜೆ, ಅಂದರೆ ಲೆಕ್ಕವು ಒಂದು ಸಲಕ್ಕೆ ಮುಂದೆ ಸಾಗುವ ಅವಧಿ, ಎಷ್ಟು ಚಿಕ್ಕದಿರಬೇಕೆಂದರೆ, ಒಂದು ಹೆಜ್ಜೆಯೊಳಗೆ ಶಬ್ದವು ಕಣಗಳ ಅಂತರದ ಒಂದು ಪಾಲನ್ನಷ್ಟೇ, ಉದಾಹರಣೆಗೆ ಕಾಲು ಭಾಗವನ್ನಷ್ಟೇ, ದಾಟಬೇಕು. ಒಂದು ಸೆಂಟಿಮೀಟರ್ ಅಂತರಕ್ಕೆ ನಿಜವಾದ ಶಬ್ದವೇಗವನ್ನೇ ಹಿಡಿದರೆ ಒಂದು ಸೆಕೆಂಡಿನ ಘಟನೆಗೆ ಆರು ಲಕ್ಷ ಹೆಜ್ಜೆಗಳು ಬೇಕಾಗುತ್ತವೆ.

ಆದುದರಿಂದ ಒಂದು ರಾಜಿ ಮಾಡಿಕೊಳ್ಳುತ್ತೇವೆ. ಹರಿವಿನ ಅತಿ ಹೆಚ್ಚಿನ ವೇಗದ ಹತ್ತು ಪಟ್ಟನ್ನು ಕೃತಕ ಶಬ್ದವೇಗವಾಗಿ ಇಟ್ಟುಕೊಂಡರೆ ಸಾಂದ್ರತೆಯ ಏರುಪೇರು ಶೇ. 1ರ ಸುಮಾರಿಗೆ ನಿಲ್ಲುತ್ತದೆ. ಒಂದು ಮೀಟರ್ ಎತ್ತರದ ನೀರು ಕುಸಿದು ಹರಿಯುವಾಗ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್ ಎಂದು ಹಿಡಿಯಬಹುದು. ಶಬ್ದವೇಗವನ್ನು 44 ಎಂದಿಟ್ಟರೆ ಆರು ಲಕ್ಷದ ಬದಲು ಹದಿನೇಳು-ಹದಿನೆಂಟು ಸಾವಿರ ಹೆಜ್ಜೆಗಳಲ್ಲಿ ಕೆಲಸ ಮುಗಿಯುತ್ತದೆ. ಸಾಂದ್ರತೆಯಿಂದ ಒತ್ತಡವನ್ನು ಪಡೆಯುವ ಸೂತ್ರ ಟೇಟ್ ಸಮೀಕರಣ. ಅದರಲ್ಲಿ ಸಾಂದ್ರತೆಯ ಅನುಪಾತವನ್ನು ನೀರಿಗಾಗಿ ಏಳನೆಯ ಘಾತಕ್ಕೆ ಏರಿಸುತ್ತಾರೆ. ಸಾಂದ್ರತೆಯ ತುಸು ಏರಿಕೆಗೂ ಒತ್ತಡ ಬಲವಾಗಿ ಎದುರು ನಿಲ್ಲುವುದು ಈ ಕಾರಣದಿಂದ. ಕುಗ್ಗುವಿಕೆಯನ್ನು ಪುನರಾವರ್ತಿತ ಲೆಕ್ಕದಿಂದ ತೀರ ಕಡಿಮೆ ಮಾಡಿ ಕಾಲಹೆಜ್ಜೆಯನ್ನು ದೊಡ್ಡದಾಗಿಸುವ ವಿಧಾನಗಳೂ ಇವೆ: 2009ರ ಪಿಸಿಐಎಸ್‌ಪಿಎಚ್, 2014ರ ಐಐಎಸ್‌ಪಿಎಚ್, 2015ರ ಡಿಎಫ್‌ಎಸ್‌ಪಿಎಚ್. ಮೊದಲ ಸಲ ಕಲಿಯುವವರು ಟೇಟ್ ಸಮೀಕರಣದಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ತಪ್ಪಾದಾಗ ಎಲ್ಲಿ ತಪ್ಪಾಯಿತೆಂದು ಅದರಲ್ಲಿ ಬೇಗ ಕಾಣುತ್ತದೆ.

ಇಲ್ಲೊಂದು ಬಂಡೆ ಇದೆ ಎಂದು ನೀರಿನ ಕಣಗಳಿಗೆ ತಿಳಿಯುವುದು ಹೇಗೆ?

ಈ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ನೀರಿನ ಸಮೀಕರಣಗಳು ಪಠ್ಯಪುಸ್ತಕದಲ್ಲಿ ಸಿಗುತ್ತವೆ, ಡಿಕ್ಕಿಯ ಸಮೀಕರಣಗಳೂ ಸಿಗುತ್ತವೆ. ಪ್ರಾಜೆಕ್ಟುಗಳು ಕೆಡುವುದು ಇವೆರಡೂ ಕೂಡುವ ಗಡಿಯಲ್ಲಿ.

ಹೆಚ್ಚು ಬಳಕೆಯಲ್ಲಿರುವ ಉಪಾಯವೆಂದರೆ ಬಂಡೆಯ ಮೇಲ್ಮೈಯನ್ನೂ ಕಣಗಳಿಂದ ಹೊದಿಸುವುದು. ಇವು ಗಡಿಕಣಗಳು. ನೀರಿನ ಕಣವು ಬಂಡೆಯ ಹತ್ತಿರ ಬಂದಾಗ ಅದರ ನೆರೆಹೊರೆಯ ಅರ್ಧ ಭಾಗ ಬರಿದಾಗಿರುತ್ತದೆ. ಆ ಬರಿದನ್ನು ತುಂಬದಿದ್ದರೆ ಕಣವು ತನ್ನ ಸುತ್ತ ಸಂದಣಿ ಕಡಿಮೆಯಾಯಿತೆಂದು ತಪ್ಪು ತಿಳಿದು ಬಂಡೆಯೊಳಕ್ಕೇ ನುಗ್ಗುತ್ತದೆ. ಗಡಿಕಣಗಳು ಆ ಜಾಗವನ್ನು ತುಂಬಿ, ಸಾಂದ್ರತೆಯ ಲೆಕ್ಕದಲ್ಲಿ ಪಾಲುಗೊಂಡು, ನೀರನ್ನು ಹೊರಗೇ ತಡೆಯುತ್ತವೆ.

ಗಡಿಕಣಗಳಿಗೆ ಒತ್ತಡವನ್ನು ಎಲ್ಲಿಂದ ತರುವುದೆಂಬುದರಲ್ಲಿ ಮತಭೇದವಿದೆ. ಗಡಿಕಣವನ್ನೂ ನೀರಿನ ಕಣದಂತೆಯೇ ಲೆಕ್ಕ ಹಾಕಿ, ಕೇವಲ ಅದರ ಚಲನೆಯನ್ನು ಬಂಡೆಗೆ ಕಟ್ಟಿಹಾಕುವುದು ಸುಲಭದ ದಾರಿ. ಇದರ ದೋಷವೆಂದರೆ ನೀರು ಮತ್ತು ಗೋಡೆಯ ನಡುವೆ ಕಣದಂತರದಷ್ಟು ಬಿರುಕು ಉಳಿಯುತ್ತದೆ. ಬಂಡೆಗಳ ನಡುವಿನ ಸಂದು ಮೂರು ನಾಲ್ಕು ಕಣಗಳಷ್ಟೇ ಅಗಲವಿದ್ದರೆ ಈ ಬಿರುಕು ನೀರಿನ ದಾರಿಯನ್ನೇ ಮುಚ್ಚಿಬಿಡುತ್ತದೆ. 2012ರಲ್ಲಿ ಆಡಾಮಿ ಮತ್ತು ಸಂಗಡಿಗರು ಸೂಚಿಸಿದ ವಿಧಾನದಲ್ಲಿ ಬಂಡೆಯೊಳಗೆ ಕೆಲವು ಪದರ ಕಣಗಳನ್ನು ಇಟ್ಟು, ಸುತ್ತಲಿನ ನೀರಿನಿಂದಲೇ ಒತ್ತಡವನ್ನು ಆ ಕಣಗಳಿಗೆ ಎರವಲು ತರಲಾಗುತ್ತದೆ. ಅದೇ ವರ್ಷ ಆಕಿಂಜಿ ಮತ್ತು ಸಂಗಡಿಗರು ಮಂಡಿಸಿದ ವಿಧಾನಕ್ಕೆ ಒಂದೇ ಪದರ ಸಾಕು. ಪ್ರತಿ ಗಡಿಕಣವೂ ಎಷ್ಟು ಜಾಗವನ್ನು ಪ್ರತಿನಿಧಿಸುತ್ತದೆ ಎಂಬುದನ್ನು ಅದರ ಸುತ್ತಲಿನ ಗಡಿಕಣಗಳ ದಟ್ಟಣೆಯಿಂದ ಕಂಡುಕೊಳ್ಳುವುದರಿಂದ, ಹೊದಿಕೆ ಕೆಲವೆಡೆ ಒತ್ತಾಗಿ ಕೆಲವೆಡೆ ತೆಳುವಾಗಿದ್ದರೂ ಲೆಕ್ಕ ಕೆಡುವುದಿಲ್ಲ. ಒರಟು ಆಕಾರದ ಬಂಡೆಗಳಿಗೆ ನಾನು ಈ ಎರಡನೆಯದನ್ನು ಶಿಫಾರಸು ಮಾಡುತ್ತೇನೆ.

ಯಾವ ವಿಧಾನವನ್ನು ಆಯ್ದುಕೊಂಡರೂ ಒಂದು ನಿಯಮ ಬದಲಾಗದು. ಗಡಿಕಣವು ನೀರಿನ ಕಣದ ಮೇಲೆ ಹಾಕಿದ ಬಲದಷ್ಟೇ ಬಲ ವಿರುದ್ಧ ದಿಕ್ಕಿನಲ್ಲಿ ಬಂಡೆಯ ಖಾತೆಗೆ ಹೋಗಬೇಕು. ಹಾಗೆ ಸೇರಿದ ಬಲಗಳ ಮೊತ್ತವೇ ಬಂಡೆಯನ್ನು ಸಾಗಿಸುತ್ತದೆ. ಆ ಬಲಗಳು ಗುರುತ್ವಕೇಂದ್ರದ ಸುತ್ತ ಉಂಟುಮಾಡುವ ಟಾರ್ಕುಗಳ ಮೊತ್ತ ಬಂಡೆಯನ್ನು ತಿರುಗಿಸುತ್ತದೆ. ನನ್ನ ಆರಂಭದ ಪ್ರೋಗ್ರಾಮಿನಲ್ಲಿ ನೀರಿನ ಮೇಲಿನ ಬಲವನ್ನು ವಸ್ತು ಚಲಿಸುವ ಮೊದಲಿನ ಸ್ಥಾನದಿಂದಲೂ, ವಸ್ತುವಿನ ಮೇಲಿನ ಬಲವನ್ನು ಚಲಿಸಿದ ನಂತರದ ಸ್ಥಾನದಿಂದಲೂ ಲೆಕ್ಕ ಹಾಕಿದ್ದೆ. ನಿಶ್ಚಲವಾದ ತೊಟ್ಟಿಯಲ್ಲಿ ತೇಲುತ್ತಿದ್ದ ಮರದ ತುಂಡು ತನ್ನಷ್ಟಕ್ಕೆ ಒಂದು ಬದಿಗೆ ಸರಿಯುತ್ತ ಹೋಯಿತು. ಸ್ನಿಗ್ಧತೆಯ, ಅಂದರೆ ನೀರಿನ ಒಳಘರ್ಷಣೆಯ, ಲೆಕ್ಕದಲ್ಲಿ ದೋಷವಿರಬಹುದೆಂದು ವಾರಗಟ್ಟಲೆ ಹುಡುಕಿದೆ. ಕೊನೆಗೆ ಪ್ರತಿ ಹೆಜ್ಜೆಯಲ್ಲೂ ನೀರು ಕಳೆದುಕೊಂಡ ಸಂವೇಗವನ್ನೂ ತುಂಡು ಪಡೆದ ಸಂವೇಗವನ್ನೂ ಅಂಗಡಿಯ ಜಮಾ-ಖರ್ಚಿನಂತೆ ಎದುರುಬದುರು ಬರೆದಾಗ ವ್ಯತ್ಯಾಸ ಕಣ್ಣಿಗೆ ಬಿತ್ತು. ಈ ಜಮಾ-ಖರ್ಚನ್ನು ಮೊದಲ ದಿನದಿಂದಲೇ ಪ್ರೋಗ್ರಾಮಿನಲ್ಲಿ ಬರೆದಿಡಿ ಎಂದು ಬರುವ ಪ್ರತಿಯೊಬ್ಬರನ್ನೂ ಕೇಳಿಕೊಳ್ಳುತ್ತೇನೆ.

ಎರಡು ಬಂಡೆಗಳು ಡಿಕ್ಕಿ ಹೊಡೆದಾಗ ಏನು ಮಾಡಬೇಕು?

ದಾರಿಗಳು ಎರಡು. ಮೊದಲನೆಯದರಲ್ಲಿ ಡಿಕ್ಕಿಯನ್ನು ಕ್ಷಣಮಾತ್ರದ್ದೆಂದು ತಿಳಿದು, ಪುಟಿತದ ಗುಣಾಂಕವನ್ನು (ಡಿಕ್ಕಿಯ ನಂತರ ದೂರ ಸರಿಯುವ ವೇಗಕ್ಕೂ ಮೊದಲು ಹತ್ತಿರ ಬರುತ್ತಿದ್ದ ವೇಗಕ್ಕೂ ಇರುವ ಅನುಪಾತ) ಬಳಸಿ ಡಿಕ್ಕಿಯ ನಂತರದ ವೇಗವನ್ನು ನೇರವಾಗಿ ಕೊಡಲಾಗುತ್ತದೆ. ಒಂದೆರಡು ವಸ್ತುಗಳಿದ್ದರೆ ಇದು ಚೊಕ್ಕವಾಗಿ ನಡೆಯುತ್ತದೆ. ಆದರೆ ಬಂಡೆಗಳ ರಾಶಿಯಲ್ಲಿ ಒಂದೊಂದು ಬಂಡೆಯೂ ನಾಲ್ಕೈದು ಬಂಡೆಗಳಿಗೆ ಏಕಕಾಲದಲ್ಲಿ ಒರಗಿರುವುದರಿಂದ, ಎಲ್ಲ ಸಂಪರ್ಕಗಳ ಲೆಕ್ಕವನ್ನೂ ಒಟ್ಟಿಗೇ ಬಿಡಿಸಬೇಕಾಗುತ್ತದೆ.

ಎರಡನೆಯದು 1979ರಲ್ಲಿ ಕುಂಡಾಲ್ ಮತ್ತು ಸ್ಟ್ರ್ಯಾಕ್ ಮರಳು, ಜಲ್ಲಿಯಂತಹ ವಸ್ತುಗಳಿಗಾಗಿ ಪ್ರಕಟಿಸಿದ ಡಿಸ್ಕ್ರೀಟ್ ಎಲಿಮೆಂಟ್ ವಿಧಾನ. ಇದರಲ್ಲಿ ಬಂಡೆಗಳು ಒಂದರೊಳಗೊಂದು ಕೂದಲೆಳೆಯಷ್ಟು ಹೊಕ್ಕಲು ಬಿಟ್ಟು, ಆ ಹೊಕ್ಕ ಅಳತೆಗೆ ತಕ್ಕಂತೆ ಸ್ಪ್ರಿಂಗಿನಂತೆ ಹಿಂದೂಡಲಾಗುತ್ತದೆ. ಶಕ್ತಿ ಕ್ಷಯಕ್ಕೆಂದು ಒಂದು ತಡೆಯನ್ನು, ಜಾರುವಿಕೆಗೆಂದು ಕೂಲಂಬನ ಘರ್ಷಣೆಯ ನಿಯಮವನ್ನು ಸೇರಿಸಲಾಗುತ್ತದೆ. ಗೋಳಗಳ ಸಂಪರ್ಕಕ್ಕೆ ಹರ್ಟ್ಜ್ 1882ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ತಡೆಗೋಡೆಯ ಬಂಡೆಗಳಿಗೆ ನಾನು ಈ ದಾರಿಯನ್ನೇ ಹಿಡಿಯುತ್ತೇನೆ. ರಾಶಿಯನ್ನು ಸ್ಥಿರವಾಗಿ ಹಿಡಿದಿಡುವುದು ಘರ್ಷಣೆ, ಮತ್ತು ಅದರ ಇತಿಹಾಸವನ್ನು, ಅಂದರೆ ಸಂಪರ್ಕ ಆರಂಭವಾದಂದಿನಿಂದ ಎಷ್ಟು ಜಾರಿದೆ ಎಂಬುದನ್ನು, ಈ ವಿಧಾನ ನೆನಪಿನಲ್ಲಿಡುತ್ತದೆ.

ನೀರಿನಲ್ಲಿ ಮುಳುಗಿದ ಬಂಡೆ ಎಷ್ಟು ಹಗುರವಾಗುತ್ತದೆಂಬುದನ್ನು ಮರೆಯಬಾರದು. ಗ್ರಾನೈಟಿನ ಸಾಂದ್ರತೆ ಘನಮೀಟರಿಗೆ ಸುಮಾರು 2,650 ಕೆ.ಜಿ., ಸಮುದ್ರದ ನೀರಿನದು ಸುಮಾರು 1,025. ಪೂರ್ತಿ ಮುಳುಗಿದ ಬಂಡೆಗೆ ತನ್ನ ತೂಕದ ಶೇ. 61ರಷ್ಟೇ ಉಳಿದಿರುತ್ತದೆ, ಘರ್ಷಣೆಯ ಹಿಡಿತವೂ ಅದೇ ಪ್ರಮಾಣದಲ್ಲಿ ಸಡಿಲಗೊಳ್ಳುತ್ತದೆ.

ಡಿಕ್ಕಿಯ ಮುನ್ನ ಎರಡು ವಸ್ತುಗಳ ನಡುವೆ ಸಿಕ್ಕಿಕೊಂಡ ನೀರು ಏನಾಗುತ್ತದೆ?

ಮಲ್ಪೆಯ ದಕ್ಕೆಯಲ್ಲಿ ಅಕ್ಕಪಕ್ಕ ಕಟ್ಟಿದ ಬೋಟುಗಳು ತೆರೆಗೆ ಹೊಯ್ದಾಡುವಾಗ, ಅವುಗಳ ನಡುವಿನ ನೀರು ಕಿರಿದಾದ ಸಂದಿನಿಂದ ಹೊರಗೆ ಹೋಗಲು ಹೆಣಗಾಡಿ ಮೇಲಕ್ಕೆ ಚಿಮ್ಮುವುದನ್ನು ನೋಡಿದ್ದೀರಿ. ಬೋಟಿನ ಬದಿಗೆ ತೂಗುಹಾಕಿದ ಹಳೆಯ ಟಯರುಗಳು ಉಳಿದ ಹೊಡೆತವನ್ನು ನುಂಗುತ್ತವೆ. ಆ ನೀರೇ ಒಂದು ಮೆತ್ತೆ. ಹತ್ತಿರ ಬರುತ್ತಿರುವ ಎರಡು ಗೋಳಗಳ ನಡುವೆ ಸ್ನಿಗ್ಧತೆಯಿಂದ ಹುಟ್ಟುವ ಈ ಬಲವು ಸಂದಿನ ಅಗಲಕ್ಕೆ ವಿಲೋಮವಾಗಿ ಏರುತ್ತದೆ: ಸಂದು ಅರ್ಧವಾದರೆ ಬಲ ಎರಡು ಪಟ್ಟು.

ಸಂದು ಒಂದು ಕಣಕ್ಕಿಂತ ಕಿರಿದಾದೊಡನೆ ಅಲ್ಲಿ ನೀರಿನ ಕಣವೇ ಉಳಿಯದೆ, ಮೆತ್ತೆ ಅತ್ಯಂತ ಬಲವಾಗಿರಬೇಕಾದ ಗಳಿಗೆಯಲ್ಲಿಯೇ ಲೆಕ್ಕದಿಂದ ಮಾಯವಾಗುತ್ತದೆ. ಅದನ್ನು ಪ್ರತ್ಯೇಕ ಸೂತ್ರವಾಗಿ ಸೇರಿಸಬೇಕು. ದ್ರವದೊಳಗೆ ಗೋಳವನ್ನು ಗೋಡೆಗೆ ಹೊಡೆಸಿದ ಪ್ರಯೋಗಗಳಲ್ಲಿ, ಗೋಳದ ಜಡತ್ವವನ್ನು ಸ್ನಿಗ್ಧತೆಯೊಡನೆ ಹೋಲಿಸುವ ಸ್ಟೋಕ್ಸ್ ಸಂಖ್ಯೆ ಸುಮಾರು 10ಕ್ಕಿಂತ ಕಡಿಮೆಯಿದ್ದರೆ ಗೋಳ ಪುಟಿಯುವುದೇ ಇಲ್ಲವೆಂದು ಕಂಡುಬಂದಿದೆ. ಗಾಳಿಯಲ್ಲಿ ಅಳೆದ ಪುಟಿತದ ಗುಣಾಂಕವನ್ನು ನೀರಿನೊಳಗಿನ ಸಣ್ಣ ಕಲ್ಲುಗಳಿಗೆ ಹಾಗೆಯೇ ಹಾಕುವುದು ಈ ಕಾರಣಕ್ಕೆ ತಪ್ಪಾಗುತ್ತದೆ. ಟನ್ನುಗಟ್ಟಲೆ ತೂಗುವ ಬಂಡೆ ಮತ್ತು ಬೋಟುಗಳಲ್ಲಿ ಸ್ನಿಗ್ಧತೆಯ ಪಾಲು ಕಡಿಮೆ. ಅಲ್ಲಿ ಸಂದಿನ ನೀರನ್ನು ಹೊರದೂಡಲು ಬೇಕಾಗುವ ಜಡತ್ವದ ಬಲವೇ ಮುಖ್ಯ, ಅದನ್ನು ಕಣಗಳು ತಕ್ಕಮಟ್ಟಿಗೆ ಹಿಡಿಯುತ್ತವೆ.

ನೀರಿಗೆ ಒಂದು ಕಾಲಹೆಜ್ಜೆ, ಡಿಕ್ಕಿಗೆ ಇನ್ನೊಂದು ಎನ್ನುವುದೇಕೆ?

ಹತ್ತು ಕೆ.ಜಿ. ತೂಕದ ಎರಡು ಕಲ್ಲುಗಳು ಡಿಕ್ಕಿ ಹೊಡೆಯುತ್ತವೆ, ಸಂಪರ್ಕದ ಸ್ಪ್ರಿಂಗಿನ ಬಿಗಿತ ಮೀಟರಿಗೆ ನೂರು ಕೋಟಿ ನ್ಯೂಟನ್ ಎಂದುಕೊಳ್ಳೋಣ. ಸಂಪರ್ಕ ಉಳಿಯುವ ಅವಧಿ ಒಂದು ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಸುಮಾರು 2.2 ಭಾಗ ಮಾತ್ರ. ಈ ಅವಧಿಯನ್ನು ಐವತ್ತು ಹೆಜ್ಜೆಗಳಾಗಿ ಒಡೆಯಬೇಕೆಂದರೆ, ಹಿಂದೆ ನೀರಿಗೆ ಲೆಕ್ಕ ಹಾಕಿದ ಒಂದು ಹೆಜ್ಜೆಯೊಳಗೆ ಡಿಕ್ಕಿಗೆ ಹದಿಮೂರು ಕಿರುಹೆಜ್ಜೆಗಳು ಬೇಕು. ನೀರಿನ ಬಲವನ್ನು ಆ ಹದಿಮೂರು ಹೆಜ್ಜೆಗಳ ಉದ್ದಕ್ಕೂ ಸ್ಥಿರವಾಗಿಟ್ಟು, ಬಂಡೆಗಳನ್ನು ಮಾತ್ರ ಮುಂದೆ ಸಾಗಿಸುವುದು ರೂಢಿ. ಸ್ಪ್ರಿಂಗಿನ ಬಿಗಿತವನ್ನು ಬೇಕೆಂದೇ ಕಡಿಮೆ ಮಾಡಿ ಸಮಯ ಉಳಿಸುವವರೂ ಇದ್ದಾರೆ. ಬಂಡೆ ಎಲ್ಲಿ ಹೋಗಿ ನಿಂತಿತು ಎಂಬುದಷ್ಟೇ ಬೇಕಿದ್ದರೆ ಅದು ಒಪ್ಪತಕ್ಕದ್ದು. ಬಂಡೆ ಒಡೆಯುವಷ್ಟು ಹೊಡೆತ ಬಿತ್ತೇ ಎಂದು ತಿಳಿಯಬೇಕಿದ್ದರೆ ಒಪ್ಪತಕ್ಕದ್ದಲ್ಲ.

ಬಂಡೆ ಸರಿಯಾಗಿ ವರ್ತಿಸುತ್ತದೆ, ಆದರೆ ಥರ್ಮಾಕೋಲಿನಂತಹ ಹಗುರ ವಸ್ತು ನಡುಗಿ ಹಾರಿಹೋಗುತ್ತದೆ. ಏಕೆ?

ನೀರಿನಲ್ಲಿ ವಸ್ತುವನ್ನು ವೇಗಗೊಳಿಸುವಾಗ ಸುತ್ತಲಿನ ನೀರನ್ನೂ ವೇಗಗೊಳಿಸಬೇಕಾಗುತ್ತದೆ. ವಿಶಾಲವಾದ ನೀರಿನಲ್ಲಿರುವ ಗೋಳಕ್ಕೆ ಈ ಹೆಚ್ಚುವರಿ ಹೊರೆ, ಅದು ಸ್ಥಳಾಂತರಿಸಿದ ನೀರಿನ ದ್ರವ್ಯರಾಶಿಯ ಅರ್ಧದಷ್ಟು. ಗ್ರಾನೈಟಿಗೆ ಇದು ಚಿಕ್ಕ ಪಾಲು, ಥರ್ಮಾಕೋಲಿಗೆ ಅದರ ಸ್ವಂತ ದ್ರವ್ಯರಾಶಿಯ ಹಲವು ಪಟ್ಟು. ನೀರು ಒಂದು ಹೆಜ್ಜೆ, ವಸ್ತು ಒಂದು ಹೆಜ್ಜೆ ಎಂದು ಸರದಿಯಲ್ಲಿ ಲೆಕ್ಕ ಹಾಕುವಾಗ ಹಗುರ ವಸ್ತು ಪ್ರತಿ ಸರದಿಯಲ್ಲೂ ಅತಿಯಾಗಿ ಪ್ರತಿಕ್ರಿಯಿಸುತ್ತದೆ, ಮುಂದಿನ ಸರದಿಯಲ್ಲಿ ನೀರು ಇನ್ನೂ ಅತಿಯಾಗಿ ಹಿಂದೂಡುತ್ತದೆ. ಕಾಲಹೆಜ್ಜೆಯನ್ನು ಚಿಕ್ಕದು ಮಾಡುವುದು ತಾತ್ಕಾಲಿಕ ಪರಿಹಾರ. ಒಂದೇ ಹೆಜ್ಜೆಯೊಳಗೆ ನೀರು ಮತ್ತು ವಸ್ತುವಿನ ಲೆಕ್ಕವನ್ನು ಎರಡೂ ಹೊಂದುವವರೆಗೆ ಮರುಕಳಿಸುವುದು ಸರಿಯಾದ ಪರಿಹಾರ.

ಬಂಡೆಯ ಆಕಾರವನ್ನು ಹೇಗೆ ಕೊಡುವುದು?

ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ತೆಗೆದ ಚಿತ್ರಗಳಿಂದ ಮೂರು ಆಯಾಮದ ಆಕಾರವನ್ನು ಪಡೆಯುವ ತಂತ್ರಾಂಶಗಳಿವೆ. ಆ ಮೇಲ್ಮೈಯ ಮೇಲೆ ಗಡಿಕಣಗಳನ್ನು ಹರಡಬಹುದು. ಡಿಕ್ಕಿಯ ಲೆಕ್ಕಕ್ಕೆ ಆಕಾರವನ್ನು ಹಲವು ಗೋಳಗಳ ಗೊಂಚಲಾಗಿ ಬದಲಿಸಿದರೆ ವೇಗವಾಗಿ ನಡೆಯುತ್ತದೆ, ಆದರೆ ಗೋಳಗಳು ಅತಿಯಾಗಿ ಉರುಳುತ್ತವೆಂಬ ಕಾರಣಕ್ಕೆ ಘರ್ಷಣೆಯನ್ನು ಎಚ್ಚರದಿಂದ ಹೊಂದಿಸಬೇಕು. 1950ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ, ತೆರೆ ತಡೆಯಲು ಬಳಸುವ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿ ಟೆಟ್ರಾಪಾಡ್ ಒಂದರೊಳಗೊಂದು ಸಿಕ್ಕಿಕೊಂಡು ನಿಲ್ಲುವಂಥದು. ಅದನ್ನು ಎಲ್ಲೂ ತಗ್ಗಿಲ್ಲದ ಒಂದೇ ಉಬ್ಬಿದ ಆಕಾರವೆಂದು ಪರಿಗಣಿಸಿದರೆ ಆ ಹಿಡಿತವೇ ಕಳೆದುಹೋಗುತ್ತದೆ.

ಎಂತಹ ಕಂಪ್ಯೂಟರ್ ಬೇಕು?

ಒಂದು ಘನಮೀಟರ್ ನೀರಿಗೆ ಒಂದು ಸೆಂಟಿಮೀಟರ್ ಅಂತರದಲ್ಲಿ ಹತ್ತು ಲಕ್ಷ ಕಣಗಳು. ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಇದನ್ನು ನಿಭಾಯಿಸುತ್ತದೆ. ಅಂತರವನ್ನು ಅರ್ಧಕ್ಕೆ ಇಳಿಸಿದರೆ ಕಣಗಳು ಎಂಟು ಪಟ್ಟಾಗುತ್ತವೆ, ಕಾಲಹೆಜ್ಜೆ ಅರ್ಧವಾಗುತ್ತದೆ, ಒಟ್ಟು ಕೆಲಸ ಹದಿನಾರು ಪಟ್ಟಾಗುತ್ತದೆ. ರಾತ್ರಿ ಹಚ್ಚಿ ಬೆಳಿಗ್ಗೆ ಮುಗಿಯುತ್ತಿದ್ದ ಲೆಕ್ಕ ವಾರದವರೆಗೆ ಎಳೆಯುತ್ತದೆ. ಎರಡು ಆಯಾಮದಲ್ಲಿ ಮೊದಲು ಮಾಡಿ ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಸಾಮಾನ್ಯವಾದ್ದರಿಂದ, ಲೆಕ್ಕದ ಸ್ಥಿತಿಯನ್ನು ಆಗಾಗ ಡಿಸ್ಕಿಗೆ ಉಳಿಸುವ ವ್ಯವಸ್ಥೆಯೂ ಇರಲಿ.

ಯಾವ ತಂತ್ರಾಂಶ?

ಪೈಥಾನ್ ಬಲ್ಲವರಿಗೆ ಐಐಟಿ ಬಾಂಬೆಯಲ್ಲಿ ಬೆಳೆದ ಪೈಎಸ್‌ಪಿಎಚ್. ಕರಾವಳಿ ಎಂಜಿನಿಯರಿಂಗಿಗೆ ಡ್ಯುಯಲ್‌ಎಸ್‌ಫಿಸಿಕ್ಸ್, ಇದು ಡಿಕ್ಕಿಗಾಗಿ ಪ್ರಾಜೆಕ್ಟ್ ಕ್ರೋನೋ ಎಂಬ ಇನ್ನೊಂದು ತಂತ್ರಾಂಶದೊಡನೆ ಜೋಡಿಕೊಳ್ಳುತ್ತದೆ. ಹೊಸ ವಿಧಾನಗಳನ್ನು ಹೋಲಿಸಿ ಕಲಿಯಲು ಜರ್ಮನಿಯ ಆಖೆನ್‌ನ ಸ್ಪ್ಲಿಶ್‌ಸ್ಪ್ಲ್ಯಾಶ್. ಮೂರೂ ಓಪನ್ ಸೋರ್ಸ್. ಆದರೂ ಎರಡು ಆಯಾಮದ ಒಂದು ಚಿಕ್ಕ ಪ್ರೋಗ್ರಾಮನ್ನು ಸ್ವಂತವಾಗಿ ಬರೆಯದೆ ಇವಕ್ಕೆ ಕೈಹಾಕಬೇಡಿ.

ಫಲಿತಾಂಶವನ್ನು ನಂಬುವುದು ಹೇಗೆ?

ಚಿತ್ರ ಚೆನ್ನಾಗಿದೆ ಎಂಬುದು ಯಾವುದಕ್ಕೂ ಪುರಾವೆಯಲ್ಲ. ಮೊದಲು ನಿಂತ ನೀರು: ಒಂದು ಮೀಟರ್ ಆಳದ ತೊಟ್ಟಿಯ ತಳದಲ್ಲಿ ಒತ್ತಡ 9,810 ಪಾಸ್ಕಲ್ ಬರಬೇಕು ಮತ್ತು ಹಾಗೆಯೇ ಉಳಿಯಬೇಕು. ಆಮೇಲೆ ನೀರಿನ ಅರ್ಧ ಸಾಂದ್ರತೆಯ ಪೆಟ್ಟಿಗೆಯನ್ನು ಬಿಟ್ಟರೆ, ಅದು ಹೊಯ್ದಾಡಿ ಸುಮ್ಮನಾದ ಮೇಲೆ ಅದರ ಘನಗಾತ್ರದ ಅರ್ಧ ಭಾಗ ಮುಳುಗಿರಬೇಕು. ನೀರಿಲ್ಲದೆ ಎರಡು ಗೋಳಗಳನ್ನು ಡಿಕ್ಕಿ ಹೊಡೆಸಿ ಸಂವೇಗವನ್ನು ಪರೀಕ್ಷಿಸಿ. ಇಷ್ಟಾದ ಬಳಿಕ ನೆದರ್ಲೆಂಡ್ಸ್‌ನ ಮರೀನ್ ಎಂಬ ಸಾಗರ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಪ್ರಸಿದ್ಧ ಪ್ರಯೋಗಕ್ಕೆ ಬನ್ನಿ: 3.22 ಮೀಟರ್ ಉದ್ದ, ಒಂದು ಮೀಟರ್ ಅಗಲದ ತೊಟ್ಟಿಯಲ್ಲಿ 0.55 ಮೀಟರ್ ಎತ್ತರದ ನೀರನ್ನು ಬಾಗಿಲು ತೆರೆದು ಹರಿಬಿಟ್ಟು, ದಾರಿಯಲ್ಲಿರುವ ಪೆಟ್ಟಿಗೆಯ ಮೇಲಿನ ಒತ್ತಡವನ್ನು ಅಳೆದಿದ್ದಾರೆ. ಕಣದಂತರವನ್ನು ಮೂರು ಬಾರಿ ಬದಲಿಸಿ ಲೆಕ್ಕ ಮಾಡಿ. ಉತ್ತರವು ಒಂದು ಮೌಲ್ಯದತ್ತ ಸಾಗದೆ ಅತ್ತಿತ್ತ ಓಡಾಡುತ್ತಿದ್ದರೆ ಮುಂದಿನ ಕೆಲಸಕ್ಕೆ ಹೋಗಬೇಡಿ.

ಮುಂದಿನ ಮಳೆಗಾಲದಲ್ಲಿ ನಮ್ಮೂರಿನ ತಡೆಗೋಡೆ ಉಳಿಯುತ್ತದೆಯೇ ಎಂದು ಇದರಿಂದ ಹೇಳಬಹುದೇ?

ಕಡಲ ಬದಿಯ ಮನೆಗಳಿಂದ ಬರುವ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಇದು, ಮತ್ತು ಇದಕ್ಕೆ ನೇರವಾಗಿ ಉತ್ತರಿಸುವುದು ನನ್ನ ಕರ್ತವ್ಯ: ಹೇಳಲಾಗದು. ಬಂಡೆಗಳ ರಾಶಿ ಕುಸಿಯಲು ಬಂಡೆ ಹೊರಳುವುದೊಂದೇ ಕಾರಣವಲ್ಲ. ಬುಡದ ಮರಳು ವಾರಗಟ್ಟಲೆ ಕೊಚ್ಚಿಹೋಗಿ ಬಂಡೆಗಳು ಕೆಳಗಿಳಿಯುವುದೂ ಅಷ್ಟೇ ದೊಡ್ಡ ಕಾರಣ, ಮತ್ತು ಕೆಲವು ನಿಮಿಷಗಳನ್ನಷ್ಟೇ ಲೆಕ್ಕ ಹಾಕಬಲ್ಲ ಈ ವಿಧಾನಕ್ಕೆ ಅದು ಎಟುಕುವುದಿಲ್ಲ. ಎರಡು ವಿನ್ಯಾಸಗಳಲ್ಲಿ ಯಾವುದರ ಬಂಡೆಗಳು ಒಂದೇ ತೆರೆಗೆ ಹೆಚ್ಚು ಅಲುಗುತ್ತವೆ, ತೆರೆಯ ಹೊಡೆತ ಯಾವ ಸಾಲಿನ ಮೇಲೆ ಹೆಚ್ಚು ಬೀಳುತ್ತದೆ ಎಂಬಂತಹ ಹೋಲಿಕೆಗಳಿಗೆ ಇದು ಉಪಯುಕ್ತ. ಅದನ್ನೂ ಪ್ರಯೋಗಾಲಯದ ತೆರೆತೊಟ್ಟಿಯ ಮಾದರಿಯೊಡನೆ ತಾಳೆ ನೋಡಬೇಕು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅಲೆತಡೆಗಳ ಮಾದರಿಗಳನ್ನು ಅಂತಹ ತೊಟ್ಟಿಯಲ್ಲಿ ಪರೀಕ್ಷಿಸುವ ಪರಂಪರೆಯೇ ಇದೆ. 1:25ರ ಮಾದರಿಯಲ್ಲಿ ಕಾಲವು ಐದನೆಯ ಒಂದು ಪಾಲಾಗುತ್ತದೆ: ಕಡಲಿನ ಹತ್ತು ಸೆಕೆಂಡಿನ ತೆರೆ ತೊಟ್ಟಿಯಲ್ಲಿ ಎರಡು ಸೆಕೆಂಡಿನದು. ಸಿಮ್ಯುಲೇಶನ್ನನ್ನು ಮೊದಲು ಆ ಮಾದರಿಯ ಅಳತೆಯಲ್ಲಿಯೇ ಮಾಡಿ ಹೋಲಿಸಿ, ಹೊಂದಿಕೆಯಾದ ಬಳಿಕವೇ ಕಡಲಿನ ಅಳತೆಗೆ ಏರಿಸಿ.

ವರದಿಯಲ್ಲಿ ಏನೇನು ಬರೆಯಬೇಕು?

ಕಣದಂತರ, ಕರ್ನೆಲ್ ಮತ್ತು ಅದರ ವ್ಯಾಪ್ತಿ, ಕೃತಕ ಶಬ್ದವೇಗ, ಎರಡೂ ಕಾಲಹೆಜ್ಜೆಗಳು, ಗಡಿಯ ವಿಧಾನ, ಸಂಪರ್ಕದ ಬಿಗಿತ, ಪುಟಿತ ಮತ್ತು ಘರ್ಷಣೆಯ ಗುಣಾಂಕಗಳು, ಅವು ಗಾಳಿಯಲ್ಲಿ ಅಳೆದವೇ ನೀರಿನಲ್ಲಿ ಅಳೆದವೇ ಎಂಬ ಮಾಹಿತಿ, ಕಿರಿದಾದ ಸಂದುಗಳಿಗೆ ಪ್ರತ್ಯೇಕ ಸೂತ್ರವನ್ನು ಸೇರಿಸಿದ್ದೀರೋ ಇಲ್ಲವೋ ಎಂಬುದು, ಮತ್ತು ಸಂವೇಗದ ಜಮಾ-ಖರ್ಚಿನಲ್ಲಿ ಲೆಕ್ಕದ ಕೊನೆಗೆ ಉಳಿದ ವ್ಯತ್ಯಾಸ. ಆ ವ್ಯತ್ಯಾಸದ ನಕ್ಷೆಯನ್ನು ಅನುಬಂಧಕ್ಕೆ ತಳ್ಳದೆ, ತೆರೆಯ ಚಿತ್ರಗಳಿಗಿಂತ ಮುಂಚಿನ ಪುಟದಲ್ಲಿ ಹಾಕಿ.